ಪಂತಾಲಾನ್ ಮತ್ತೆ ತೆರೆದ ದಿನ

ನಮ್ಮ ಗೇಮ್ ಸ್ಟುಡಿಯೊ ಮುಚ್ಚಿದ ಸುದ್ದಿ ಎಲ್ಲರಿಗೂ ಫೋನಿನಲ್ಲಿ ಬಂತು, ನಾವೆಲ್ಲ ಮಾನಂಗ್, ಎಂದರೆ ಅಕ್ಕ, ಎನ್ನುತ್ತಿದ್ದ ಲಿಬ್ರಾದಾ ಒಬ್ಬಳನ್ನು ಬಿಟ್ಟು. ಅವಳು ನೌಕರಳಲ್ಲ, ನಮಗೆ ಮಧ್ಯಾಹ್ನದ ಊಟ ತಂದು ಬಡಿಸುವವಳು. ಹಾಗಾಗಿ ಆ ದಿನವೂ ಅನ್ನದ ಡಬರಿ, ಹುಳಿ ಹಿಂಡಿದ ಮೀನಿನ ಸಾರು, ಸುಟ್ಟ ಬದನೆಕಾಯಿ ಎಲ್ಲ ಹೇರಿಕೊಂಡು, ಬೈಕಿಗೆ ತೊಟ್ಟಿಲು ಜೋಡಿಸಿದ ಬಾಡಿಗೆ ಟ್ರೈಸಿಕಲ್ಲಿನಲ್ಲಿ ಬಂದಿಳಿದಳು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

"ಇನ್ಮೇಲೆ ಇಲ್ಲಿಗೆ ಯಾರೂ ಬರಲ್ಲ" ಎಂದನಂತೆ ಕಾವಲುಗಾರ.

"ಹಾಗಾದ್ರೆ ಇಷ್ಟು ಅನ್ನ ನಿಮ್ಮಪ್ಪ ತಿಂತಾನಾ?"

ಅದೇ ಗಾಡಿಯಲ್ಲಿ ಜೀಪ್ನಿ ಎಂಬ ಬಾಡಿಗೆ ಜೀಪುಗಳ ನಿಲ್ದಾಣಕ್ಕೆ ಹೋಗಿ, ಹಸಿದು ಕೂತಿದ್ದ ಚಾಲಕರಿಗೆಲ್ಲ ಬಡಿಸಿದಳು. ಮರುದಿನ ಅವರು ಅವಳ ದಾರಿ ಕಾಯುತ್ತಿದ್ದರು. ಅವಳ ಊಟದಂಗಡಿ ಅಲ್ಲೇ ಶುರುವಾಯಿತು. ನಮ್ಮಲ್ಲಿ ಮಿಕ್ಕವರು ಮಾತ್ರ ಚೆದುರಿ ಹೋದೆವು.

ನಾವು ಫಿಲಿಪೀನ್ಸಿನ ಇಲೊಯಿಲೊ ಊರಿನಲ್ಲಿ ಮಾಡಿದ ಆನ್‌ಲೈನ್ ಆಟದ ಹೆಸರು ಪಂತಾಲಾನ್, ಎಂದರೆ ದೋಣಿಕಟ್ಟೆ. ಅದರಲ್ಲಿ ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಆಟಗಾರನಿಗೊಂದು ಎಂಜಿನ್ ದೋಣಿ. ದ್ವೀಪದಿಂದ ದ್ವೀಪಕ್ಕೆ ಮಾವಿನಹಣ್ಣು, ಮೇಕೆ, ಮದುವೆ ದಿಬ್ಬಣ, ದಿನ ತುಂಬಿದ ಬಸುರಿ, ಯಾರು ಸಿಕ್ಕರೆ ಅವರನ್ನು ದಾಟಿಸಬೇಕು. ನಡುನೀರಿನಲ್ಲಿ ಎಂಜಿನ್ ಕೈಕೊಟ್ಟರೆ ಎಲ್ಲಿಂದಲೋ ಇನ್ನೊಬ್ಬ ಆಟಗಾರ ಬಂದು ಹಗ್ಗ ಎಸೆದು ಎಳೆದುಕೊಂಡು ಹೋಗಬೇಕು. ಆ ದೋಣಿಗಳ ಚಿತ್ರ ಬರೆದವಳು ನಾನು, ಮಾರಿವೆಲ್. ಆಟದ ಕಲ್ಪನೆ ನಮ್ಮ ಮಾನೊಂಗ್, ಎಂದರೆ ಅಣ್ಣ, ಎಲಾಡಿಯೊನದು. ಸ್ಟುಡಿಯೊ ಕಟ್ಟಿದವನೂ ಅವನೇ.

ಕಟ್ಟೆಯ ಮೇಲೆ ಮೀನು ಮಾರುವ ಹೆಂಗಸೊಬ್ಬಳು ಇರಬೇಕೆಂದು ಎಲಾಡಿಯೊನಿಗೆ ಆಸೆ. ಅವಳ ದನಿಗೆಂದು ಮನಿಲಾದಿಂದ ನಟಿಯೊಬ್ಬಳು ಬಂದಳು. ಸೋಪಿನ ಜಾಹೀರಾತಿನ ಹಾಗೆ ನಯವಾಗಿ ಮಾತಾಡಿದಳು. ಅದೇ ಹೊತ್ತಿಗೆ ಹೊರಗೆ ಊಟದ ಸಾಲಿನಲ್ಲಿ ಯಾರೋ ಮೀನಿನ ತುಂಡನ್ನು ಮೂಗಿನ ಹತ್ತಿರ ಹಿಡಿದಿರಬೇಕು, ಲಿಬ್ರಾದಾಳ ಗಂಟಲು ಗೋಡೆ ದಾಟಿ ಬಂತು: "ಮೂಸೋಕೆ ಅದೇನು ಮಲ್ಲಿಗೆ ಹೂವಾ? ತಿಂದ್ರೆ ತಿನ್ನು, ಇಲ್ಲ ಹಿಂದಿನವನಿಗೆ ದಾರಿ ಬಿಡು!"

ನಟಿಯೇ ಮೊದಲು ನಕ್ಕಳು. "ನಿಮಗೆ ಬೇಕಾದವಳು ಅಲ್ಲಿದ್ದಾಳೆ, ನನ್ನನ್ನ ಯಾಕೆ ಕರೆಸಿದ್ರಿ?"

ಹಾಗೆ ಲಿಬ್ರಾದಾ ಮೈಕಿನ ಮುಂದೆ ಕೂತಳು. ತಮಾಷೆಗೆ ಕರೆದಿದ್ದಾರೆ ಎಂದುಕೊಂಡು ಮಧ್ಯಾಹ್ನವಿಡೀ ನಮ್ಮನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದಳು. ಮಲ್ಲಿಗೆಯ ಮಾತೂ ಸೇರಿ ಅದೆಲ್ಲ ಆಟದೊಳಗೆ ಹೋಯಿತು, ಮೀನಿನವಳ ಚಿತ್ರವನ್ನೂ ನಾನು ಲಿಬ್ರಾದಾಳ ಹಾಗೇ ಬರೆದೆ. ದೂರದ ಯಾನ ಮುಗಿಸಿ ದೋಣಿ ಕಟ್ಟಿದ ಆಟಗಾರನಿಗೆ ಅವಳ ದನಿ ಕೇಳುತ್ತಿತ್ತು: "ಬಂದ್ಯಾ ಮಹಾರಾಯ? ಸಮುದ್ರ ನಿನ್ನ ನುಂಗಿರಬೇಕು ಅಂದ್ಕೊಂಡಿದ್ದೆ. ಅದಕ್ಕೂ ರುಚಿಸಲಿಲ್ಲ ನೋಡು ನೀನು!" ಆ ಬೈಗುಳ ಕೇಳುವುದಕ್ಕೆಂದೇ ಜನ ದಡಕ್ಕೆ ಮರಳುತ್ತಿದ್ದರು.

ಆಮೇಲೆ ನಮ್ಮನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಒಂದು ಬೆಳಗ್ಗೆ ಸ್ಟುಡಿಯೊ ಮುಚ್ಚಿತು, ತಿಂಗಳೊಳಗೆ ಸರ್ವರ್ ಕೂಡ ಆರಿತು. ಕೊನೆಯ ದಿನ ಆಟಗಾರರು ಎಲ್ಲ ದ್ವೀಪಗಳಿಂದ ದೋಣಿ ತಂದು ಕಟ್ಟೆಗೆ ಒತ್ತೊತ್ತಾಗಿ ನಿಲ್ಲಿಸಿದರಂತೆ. ನಾನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಎಲಾಡಿಯೊ ಶಾಲೆಯೊಂದರಲ್ಲಿ ಲೆಕ್ಕ ಕಲಿಸಲು ಸೇರಿದ. ನಾನು ಗಿಮಾರಾಸ್ ದ್ವೀಪಕ್ಕೆ ಹೋಗಿ, ಒಣಗಿಸಿದ ಮಾವಿನ ಪೊಟ್ಟಣಗಳಿಗೆ ಚಿತ್ರ ಬರೆಯತೊಡಗಿದೆ. ಹಸಿರು ಎಲೆ, ಹಳದಿ ಹಣ್ಣು. ವರ್ಷಗಟ್ಟಲೆ ಅದೇ.

ಒಂದು ದಿನ ಬಕೊಲೊಡ್ ಊರಿನ ಅನಲೂ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಹಲ್ಲಿನ ಸೆಟ್ಟು ಮಾಡುವ ಕೆಲಸ ಅವಳದು, ಬೆರಳಿನಲ್ಲಿ ಇನ್ನೂ ಬಿಳಿ ಪುಡಿ ಇತ್ತು. ಎದುರಿಗೆ ಕೂತವಳೇ ಲ್ಯಾಪ್‌ಟಾಪ್ ತೆರೆದಳು. ತೆರೆಯ ಮೇಲೆ ನನ್ನ ದೋಣಿ ತೇಲುತ್ತಿತ್ತು. ಮೂತಿಯಲ್ಲಿ ಬಣ್ಣ ಕಿತ್ತ ಕಲೆ, ಬದಿಗೆ ಚಾಚಿದ ಬಿದಿರಿನ ರೆಕ್ಕೆಗೆ ಕಟ್ಟಿದ ಕೆಂಪು ಬಟ್ಟೆ, ಎಲ್ಲ ಹಾಗೇ ಇದ್ದವು.

"ಇದು ನಿಮಗೆಲ್ಲಿ ಸಿಕ್ತು?" ಎಂದೆ.

"ಸಿಕ್ಕಿಲ್ಲ ಅಕ್ಕ, ಹಳೇ ಆಟಗಾರರೆಲ್ಲ ಸೇರಿ ಮಾಡಿದ್ವಿ. ನಮ್ಮ ಹತ್ರ ಇದ್ದಿದ್ದು ಆಡ್ತಾ ಆಡ್ತಾ ತೆಗೆದುಕೊಂಡಿದ್ದ ವಿಡಿಯೊಗಳು ಅಷ್ಟೇ. ಅದನ್ನ ನೋಡ್ಕೊಂಡು ಮೊದಲಿಂದ ಕಟ್ಟಿದ್ವಿ. ಅಲೆ ಮಾಡಿದವನು ಸೆಬು ಊರಿನ ಹುಡುಗ. ಗಾಳಿ ಮಾಡಿದವಳು ಜೆಡ್ಡಾದಲ್ಲಿ ನರ್ಸು. ಕಂಪನಿಯವರ ಬೆನ್ನು ಹತ್ತಿ ಹತ್ತಿ ಒಪ್ಪಿಗೆನೂ ತಗೊಂಡ್ವಿ. ನಮ್ಮ ಕಾಟ ತಡೀಲಾರದೆ 'ಮಾರಬೇಡಿ, ಆಡ್ಕೊಳ್ಳಿ ಹೋಗಿ' ಅಂದ್ರು."

ನನ್ನ ಕೈ ಮರೆತಿದ್ದನ್ನು, ನನ್ನ ಮುಖವನ್ನೂ ಕಾಣದ ಜನ ನೆನಪಿಟ್ಟುಕೊಂಡಿದ್ದರು.

"ಒಂದೇ ಒಂದು ಕೊರತೆ" ಎಂದಳು ಅನಲೂ. "ಮೀನಿನವಳ ದನಿ. ವಿಡಿಯೊದಲ್ಲಿ ಅದು ಅಲೆ, ಎಂಜಿನ್ ಸದ್ದಲ್ಲಿ ಮುಚ್ಚಿಹೋಗಿದೆ, ಮೂಲ ಧ್ವನಿಮುದ್ರಣ ಕಂಪನಿ ಹತ್ರನೂ ಇಲ್ವಂತೆ. ಎಷ್ಟೋ ಜನರ ಕೈಲಿ ಹೇಳಿಸಿ ನೋಡಿದ್ವಿ. ಬೈದ್ರೆ ಬೈದ ಹಾಗೇ ಇರುತ್ತೆ, ಆಯಮ್ಮ ಬೈದ ಹಾಗಿರಲ್ಲ. ಅವರು ಎಲ್ಲಿದ್ದಾರೆ, ಗೊತ್ತಾ?"

ಮರುದಿನವೇ ನಾವಿಬ್ಬರೂ ಜೀಪ್ನಿ ನಿಲ್ದಾಣಕ್ಕೆ ಹೋದೆವು. ಲಿಬ್ರಾದಾ ಸೌಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ, "ಇಂದಾಯ್, ನನ್ನ ಮಗಳೇ! ಒಣಗಿದ ಮಾವಿನಹಣ್ಣಿನ ಜೊತೆ ಇದ್ದೂ ಇದ್ದೂ ನೀನೂ ಒಣಗಿ ಹೋಗಿದೀಯಲ್ಲೇ. ಕೂತ್ಕೋ" ಎಂದು ತಟ್ಟೆ ಮುಂದಿಟ್ಟಳು.

ಅನಲೂ ಉಣ್ಣಲೇ ಇಲ್ಲ. ಆ ದನಿ ಕಿವಿಗೆ ಬಿದ್ದದ್ದೇ ಕಣ್ಣು ಒದ್ದೆ ಮಾಡಿಕೊಂಡು ಕೂತಳು.

"ಇವಳ್ಯಾಕೆ ಅಳ್ತಾಳೆ? ಖಾರ ಜಾಸ್ತಿ ಆಯ್ತಾ?"

ಬಂದ ಕಾರಣ ಹೇಳಿದೆ. ಲಿಬ್ರಾದಾ ನಂಬಲಿಲ್ಲ.

"ಸುಮ್ನಿರೇ. ನಾನು ಬೈದಿದ್ದನ್ನ ಕೇಳೋಕೆ ಜನ ಕಾಯ್ತಾರಾ? ಇಲ್ಲಿ ದಿನಾ ಪುಕ್ಕಟೆ ಬೈತೀನಿ, ಒಬ್ಬನಾದ್ರೂ ಚಪ್ಪಾಳೆ ತಟ್ಟಿದಾನಾ? ಆವತ್ತು ಅಷ್ಟು ಅಡುಗೆ ಹೊತ್ಕೊಂಡು ಬಂದು ಬೀಗ ನೋಡ್ಕೊಂಡು ಹೋದವಳು ನಾನು. ನಿಮ್ಮ ಆಟದ ಮನೆ ಸಹವಾಸ ಸಾಕು."

"ಶನಿವಾರ ಆಟಗಾರರೆಲ್ಲ ಇಲ್ಲೇ ಮೊಲೊ ಬಡಾವಣೆಗೆ ಬರ್ತಿದ್ದಾರೆ" ಎಂದಳು ಅನಲೂ. "ಕಟ್ಟೆ ತೆರೆಯೋದು ಅವತ್ತೇ. ನೀವು ಮಾತಾಡೋದು ಬೇಡ. ಬಂದು ಒಂದು ಸಲ ಆ ಜನರನ್ನ ನೋಡಿ, ಸಾಕು."

ಲಿಬ್ರಾದಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಷ್ಟು ಜನ ಬಂದ್ರೆ ಊಟಕ್ಕೇನು ಮಾಡಿದೀರಿ?"

"ಅದು... ಬಿಸ್ಕತ್ತು..."

"ಬಿಸ್ಕತ್ತು! ದೇವರೇ, ನಾನು ಬರ್ಲೇಬೇಕಾಯ್ತು."

ಶನಿವಾರ ಮೊಲೊದ ಬ್ಯಾಸ್ಕೆಟ್‌ಬಾಲ್ ಅಂಗಳದ ತಗಡಿನ ಸೂರಿನಡಿ ಕಾಲಿಡಲು ಜಾಗವಿರಲಿಲ್ಲ. ಹಡಗಿನವರು, ಕಾಲ್ ಸೆಂಟರಿನವರು, ಮಗುವನ್ನು ಎತ್ತಿಕೊಂಡ ದಂಪತಿ. ಆ ಗಂಡ ಹೆಂಡತಿ ಆಟದಲ್ಲಿ ಹಗ್ಗ ಎಸೆದು ಪರಿಚಯವಾದವರಂತೆ. ಎಲಾಡಿಯೊ ಕೂಡ ಬಂದು ಹಿಂದಿನ ಸಾಲಿನಲ್ಲಿ ಅಡಗಿ ಕೂತಿದ್ದ. ಯಾರೋ ಗುರುತು ಹಿಡಿದು ಕೂಗಿದರು, ಎಲ್ಲರೂ ಎದ್ದು ನಿಂತರು. ಅವನು ಹಿಂದೆ ಇನ್ಯಾರೋ ದೊಡ್ಡವರು ಬಂದರೇನೋ ಎಂದು ತಿರುಗಿ ನೋಡಿದ.

ಲಿಬ್ರಾದಾ ಇದೊಂದನ್ನೂ ಗಮನಿಸಲಿಲ್ಲ. ಅಂಗಳದ ಮೂಲೆಯಲ್ಲಿ ಮೇಜು ಹಾಕಿ ಬಡಿಸುತ್ತಿದ್ದಳು. ಸಾಲಿನಲ್ಲಿ ರುಪೆರ್ತೊ ಎಂಬ ದಢೂತಿ ಗಂಡಸು ಬಂದ. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವವನು. ಅವಳು ಯಾರೆಂದು ಅವನಿಗೆ ಗೊತ್ತಿಲ್ಲ. ತಟ್ಟೆಗೆ ಬಿದ್ದ ಮೀನನ್ನು ಎತ್ತಿ, ಹಸಿವಿಗೋ ಖುಷಿಗೋ, ಮೂಗಿನ ಹತ್ತಿರ ಹಿಡಿದ.

"ಮೂಸೋಕೆ ಅದೇನು ಮಲ್ಲಿಗೆ ಹೂವಾ?"

ರುಪೆರ್ತೊನ ಕೈ ಗಾಳಿಯಲ್ಲೇ ನಿಂತಿತು. ಹತ್ತಿರದವರು ಮಾತು ನಿಲ್ಲಿಸಿದರು, ಅವರನ್ನು ನೋಡಿ ಆಚೆಯವರು. ಆಮೇಲೆ ಯಾರು ಶುರು ಮಾಡಿದರೋ, ತಗಡಿನ ಸೂರು ಅದುರುವಂತೆ ಎಲ್ಲರೂ ಒಂದೇ ಕೊರಳಲ್ಲಿ ಕೂಗಿದರು: "ತಿಂದ್ರೆ ತಿನ್ನು, ಇಲ್ಲ ಹಿಂದಿನವನಿಗೆ ದಾರಿ ಬಿಡು!"

ಲಿಬ್ರಾದಾ ಸೌಟು ಕೆಳಗಿಟ್ಟಳು. "ಅಯ್ಯೋ, ಇವರಿಗೆಲ್ಲ ಹೇಗೆ ಗೊತ್ತು?"

ರುಪೆರ್ತೊ ತಟ್ಟೆಯನ್ನು ಎದೆಗವಚಿಕೊಂಡೇ ಹೇಳಿದ: "ಮಾನಂಗ್, ಹಡಗಲ್ಲಿದ್ರೆ ತಿಂಗಳುಗಟ್ಟಲೆ ನೆಲ ಕಾಣ್ಸಲ್ಲ. ಮನೆಗೆ ಫೋನ್ ಮಾಡಿದ್ರೆ 'ಯಾವಾಗ ಕಳಿಸ್ತೀಯ, ಏನು ಕಳಿಸ್ತೀಯ' ಅಂತಾರೆ. 'ಬಂದ್ಯಾ ಮಹಾರಾಯ' ಅಂತ ಕೇಳ್ತಿದ್ದವರು ನೀವೊಬ್ಬರೇ."

ಲಿಬ್ರಾದಾ ಅಡುಗೆಯ ಬಟ್ಟೆಯಿಂದಲೇ ಮುಖ ಒರೆಸಿಕೊಂಡಳು. ಅನಲೂ ಕಡೆ ತಿರುಗಿ ಗದರಿದಳು: "ಏನೇ ನೋಡ್ತಾ ನಿಂತಿದೀಯ? ಎಲ್ಲಿ ಆ ಮೈಕು?"

ಅಂಗಳದ ಎದುರಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಅನಲೂ ಗುಂಡಿ ಒತ್ತಿದಳು. ಮೊದಲು ನೀರು, ಆಮೇಲೆ ಕಟ್ಟೆಯ ಕಂಬಗಳು, ಆಮೇಲೆ ಬೆಳಗಿನ ಬೆಳಕು. ಕಟ್ಟೆ ಖಾಲಿ ಇತ್ತು. ಅಷ್ಟರಲ್ಲಿ ದಿಗಂತದಲ್ಲಿ ಒಂದು ದೋಣಿ ಕಾಣಿಸಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಅಂಗಳದಲ್ಲಿ ಫೋನು ಹಿಡಿದು ಕೂತವರದು, ದುಬೈಯವರದು, ಹಡಗಿನವರದು. ಎಲ್ಲವೂ ಹಾರನ್ ಒತ್ತುತ್ತ ದಡಕ್ಕೆ ನುಗ್ಗಿದವು. ಎಲಾಡಿಯೊ ಚಿಕ್ಕ ಮಕ್ಕಳಂತೆ ಬೆಂಚಿನ ಮೇಲೆ ಹತ್ತಿ ನಿಂತು ಕೈ ಬೀಸುತ್ತಿದ್ದ.

ಲಿಬ್ರಾದಾ ತೆರೆಯ ಮೇಲಿನ ಮೀನಿನವಳನ್ನು ದಿಟ್ಟಿಸಿದಳು. ಆಟದೊಳಗಿನ ತನ್ನ ರೂಪವನ್ನು ಅವಳು ಈವರೆಗೆ ನೋಡಿಯೇ ಇರಲಿಲ್ಲ.

"ಇದು ನಾನಾ? ಮಾರಿವೆಲ್, ಇಷ್ಟು ದಪ್ಪ ಮಾಡಿದೀಯಲ್ಲೇ ನನ್ನ!"

"ಕಡಿಮೇನೇ ಮಾಡಿದೀನಿ ಮಾನಂಗ್."

"ನಿನ್ನ ಬಾಯಿಗಿಷ್ಟು! ಅದಿರಲಿ, ನೆತ್ತಿ ಮೇಲೆ ಸೂರೇ ಇಲ್ವಲ್ಲ. ಈ ಬಿಸಿಲಲ್ಲಿ ಮೀನು ಎಷ್ಟು ಹೊತ್ತು ತಡೆಯುತ್ತೆ? ಮೊದಲು ಒಂದು ತಾಡಪಾಲು ಕಟ್ಟು, ಆಮೇಲೆ ಮಾತಾಡ್ತೀನಿ."

ಜನ ನಕ್ಕರು. ಅನಲೂ ನಗಲಿಲ್ಲ. ಲ್ಯಾಪ್‌ಟಾಪ್ ಮತ್ತು ತೆರೆಯ ಮೇಲೆ ಚಿತ್ರ ಬರೆಯುವ ಪೆನ್ನನ್ನು ನನ್ನ ತೊಡೆಯ ಮೇಲಿಟ್ಟು, "ಅಕ್ಕ, ಬರೀರಿ" ಎಂದಳು. ಇಷ್ಟು ವರ್ಷ ಅವರು ಇದ್ದದ್ದನ್ನು ಇದ್ದ ಹಾಗೆ ಕಟ್ಟಿದ್ದರು, ಹೊಸದೊಂದು ಗೆರೆಯನ್ನೂ ಎಳೆದಿರಲಿಲ್ಲ.

ನಾನು ಬರೆದೆ. ನೀಲಿ ತಾಡಪಾಲು, ಬಿದಿರಿನ ನಾಲ್ಕು ಗಳ. ಲಿಬ್ರಾದಾ ಹೆಗಲ ಮೇಲಿಂದ ಬಗ್ಗಿ ಹೇಳುತ್ತಿದ್ದಳು: "ಆ ಕಡೆ ಇಳಿಸೇ, ಸಂಜೆ ಬಿಸಿಲು ಅಲ್ಲಿಂದ ಹೊಡೆಯುತ್ತೆ." ಅನಲೂ ಮತ್ತು ಸೆಬುವಿನ ಹುಡುಗ ಅದನ್ನು ಆಟದೊಳಕ್ಕೆ ಇಳಿಸಿದರು. ದೊಡ್ಡ ತೆರೆಯ ಮೇಲೆ, ಎಲ್ಲರ ಕಣ್ಣೆದುರಿಗೆ, ಮೀನಿನವಳ ತಲೆಯ ಮೇಲೆ ನೀಲಿ ಸೂರು ಬಿಚ್ಚಿಕೊಂಡಿತು. ಅದರ ನೆರಳು ಮೀನಿನ ಬುಟ್ಟಿಗಳ ಮೇಲೆ ಬಿತ್ತು. ಅಂಗಳದಲ್ಲಿ ಎದ್ದ ಕೂಗು ಪಕ್ಕದ ಇಗರ್ಜಿಯವರಿಗೂ ಕೇಳಿಸಿರಬೇಕು. ನನಗೆ ಪೆನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ದೋಣಿಗಳೆಲ್ಲ ಆ ನೆರಳಿನ ಕಡೆಗೇ ಮೂತಿ ತಿರುಗಿಸಿದವು. ಲಿಬ್ರಾದಾ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ಏಯ್, ನೆರಳು ಕಂಡ್ರೆ ಸಾಕು, ಎಲ್ಲಾ ಇಲ್ಲೇ ನುಗ್ಗಬೇಕಾ? ಸಾಲಾಗಿ ಬನ್ರೋ! ಎಲ್ರಿಗೂ ಇದೆ, ಎಲ್ರಿಗೂ ಇದೆ!"