ಆರತಿ ಹಾಡಿಗೆ ಬಂದ ಉತ್ತರಗಳು

ಈ ಕಥೆಯನ್ನು ಮೊದಲು ಹೇಳಿದವರು ಚೆನ್ನೈನ ಕೀಲ್ಪಾಕ್‌ನ ಲೀಲಮ್ಮ. ೨೦೦೪ರ ಶ್ರಾವಣದಲ್ಲಿ, ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆದುರು. ಅವರು ಹೇಳಿದ ಕ್ರಮವನ್ನು ನಾನು ಬದಲಿಸಿಲ್ಲ.

ವಿನೋದಾ ಲೀಲಮ್ಮನ ನೆರೆಮನೆಯ ಸೊಸೆ. ನಾದಿನಿ ಅನುವಿನ ಮದುವೆಗೆ ವಾರವಿರುವಾಗ ಅತ್ತೆ ಶಾರದಮ್ಮನ ಗಂಟಲು ಕಟ್ಟಿತು. ಹಾಡಿಲ್ಲದೆ ಆರತಿಯಿಲ್ಲ, ಆರತಿಯಿಲ್ಲದೆ ವಧೂವರರು ಹಸೆಮಣೆಯಿಂದ ಏಳುವಂತಿಲ್ಲ. ಹಾಡುವ ಭಾರ ವಿನೋದಾಳ ಮೇಲೆ ಬಿತ್ತು. ಅವಳಿಗೆ ಬರುತ್ತಿದ್ದುದು ಪಲ್ಲವಿ ಮಾತ್ರ. ಅತ್ತೆಗೋ, ಹಾಡಿದರೆ ಬರುವ ನುಡಿಗಳು ಬರೆಯಹೋದರೆ ಬರಲೊಲ್ಲವು. "ಬೀಗಿತ್ತಿ ಎದುರು ಮಾನ ಕಳೀಬೇಡಮ್ಮ," ಎಂದು ಪಿಸುಗುಟ್ಟಿದರು.

ವಿನೋದಾ ಚೆನ್ನೈ ಕನ್ನಡಿಗರ ಇ-ಮೇಲ್ ಗುಂಪನ್ನು ಕೇಳಿದಳು. ಪೆರುಂಗುಡಿಯ ಮಧುಸೂದನ್ ತಾಯಿಗೆ ಫೋನ್ ಮಾಡಿ ಎರಡು ನುಡಿ ಕಳಿಸಿದ. ಬ್ಯಾಂಕಿನ ಚಂದ್ರಮತಿ, "ಅದು ಹಾಸನದ ಕಡೇದು, ನಮ್ಮ ಮೈಸೂರಲ್ಲಿ ಹೀಗಲ್ಲ," ಎಂದು ತಿದ್ದಿದರು. ತಿದ್ದಿದ್ದನ್ನು ಮತ್ತೊಬ್ಬರು ತಿದ್ದಿದರು. ಎಲ್ಲರ ಉತ್ತರವೂ ಎಲ್ಲರಿಗೂ ಹೋಗುತ್ತಿತ್ತು. ಗುಂಪು ನಡೆಸುತ್ತಿದ್ದ ಮುರಳೀಧರ ಕೊನೆಗೆ ನ್ಯಾಯ ಹೇಳಿದ: ಯಾರ ಮನೆಯ ನುಡಿಯನ್ನೂ ಬಿಡುವಂತಿಲ್ಲ. ಎಲ್ಲವನ್ನೂ ಜೋಡಿಸಿ, ಪ್ರಿಂಟ್ ತೆಗೆದು, "ಇದೇ ಪೂರ್ತಿ ಹಾಡು ಮೇಡಂ," ಎಂದು ತಂದುಕೊಟ್ಟ.

ಮದುವೆಗೆ ಗುಂಪಿನವರೆಲ್ಲ ಬಂದರು, ತಮ್ಮ ತಮ್ಮ ನುಡಿ ಕೇಳಲು. ವಿನೋದಾ ಹಾಡಿದಳು, ಹಾಡಿದಳು. ತಟ್ಟೆಯ ಬತ್ತಿಗಳು ನಂದಿದವು. ಹಚ್ಚಿದರು, ಮತ್ತೆ ನಂದಿದವು. ತಟ್ಟೆ ಹಿಡಿದ ಮುತ್ತೈದೆಯರ ಕೈ ಸೋತಿತು.

"ಅತ್ತಿಗೆ, ಕಾಲು ಜೋಮು ಹಿಡೀತು," ಎಂದು ಅನು ಗೊಣಗಿದಳು.

ಸಾಂಬಾರ್ ತಣ್ಣಗಾಯಿತೆಂದು ತಮಿಳು ಅಡುಗೆಯವನು ಇಣುಕಿದ: "ಅಮ್ಮಾ, ಸಾಂಬಾರ್ ಆರಿಪ್ಪೋಚು!"

"ಇದೇನು ಆರತೀನೋ ಹರಿಕಥೇನೋ?" ಎಂದರು ಬೀಗಿತ್ತಿ.

ಹಿಂದಿನಿಂದ ಚಂದ್ರಮತಿ ಕೂಗಿದರು: "ನಮ್ಮ ನುಡಿ ಬಿಟ್ರಲ್ಲಾ!"

ವಿನೋದಾ ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮ ನುಡಿ ನಿಮ್ಮ ಮನೇಲಿ ಹಾಡ್ಕೊಳ್ಳಿ ಚಂದ್ರಮತಿಯವ್ರೇ! ಎಲ್ರಿಗೂ ಬರೋದು ಒಂದಿದ್ಯಲ್ಲ, ಅದನ್ನ ಹಾಡಿ."

ಆ ವಾರವೆಲ್ಲ ಯಾರೂ ತಿದ್ದದೆ ಉಳಿದಿದ್ದುದು ಪಲ್ಲವಿಯೊಂದೇ. ಅದನ್ನೇ ಎತ್ತಿದಳು. ಗುಂಪಿಗೆ ಗುಂಪೇ ದನಿಗೂಡಿಸಿತು. ಶಾರದಮ್ಮನ ಒಡಕು ಗಂಟಲೂ ಸೇರಿತು. ಮತ್ತೆ ಹಚ್ಚಿದ ಬತ್ತಿ ನಂದುವ ಮೊದಲೇ ಆರತಿ ಮುಗಿದು ಅನು ಎದ್ದಳು.

"ಮಾರನೇ ದಿನ ಗುಂಪಲ್ಲಿ ಏನು ಬಂತು ಗೊತ್ತೇನ್ರೇ? ಪಲ್ಲವಿಯ ರಾಗ ತಪ್ಪು ಅಂತ!" ಲೀಲಮ್ಮ ಹಣೆ ಚಚ್ಚಿಕೊಂಡರು.

ಕೇಳುತ್ತಿದ್ದವರಲ್ಲೊಬ್ಬರು ಬಾಯಿ ತೆರೆದರು: "ಅಲ್ಲಾ ಲೀಲಮ್ಮ, ನಮ್ಮ ಕಡೆ ಆ ರಾಗ..."

"ಏಳ್ರಮ್ಮಾ, ಹೊತ್ತಾಯ್ತು, ಮನೆಗೆ ನಡೀರಿ!"

ಹೆಂಗಸರು ತಾಂಬೂಲವನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಮನೆಗೆ ಹೊರಟರು. ಮೆಟ್ಟಿಲಿಳಿದು ಬೀದಿ ಸೇರುವವರೆಗೂ ರಾಗದ ವಾದ ನಿಂತಿರಲಿಲ್ಲ.