ಕಾಟಪ್ಪನ ಮಡಿಸಿದ ಚೀಟಿ

ನಮ್ಮ ಹಟ್ಟಿಯಲ್ಲಿ ಕುರಿ ಎಣಿಸುವುದಿಲ್ಲ. ಮಕ್ಕಳೆಷ್ಟು ಎಂದು ಕೇಳಿ, ಹೇಳುತ್ತಾರೆ. ಕುರಿ ಎಷ್ಟು ಎಂದು ಕೇಳಿದರೆ ಆಕಾಶ ನೋಡುತ್ತಾರೆ. "ಅವೆ ಬುಡಿ, ದ್ಯಾವ್ರು ಕೊಟ್ಟಷ್ಟು" ಅನ್ನುತ್ತಾರೆ. ಬಾಯಿಬಿಟ್ಟು ಎಣಿಸಿದರೆ ದೃಷ್ಟಿ ತಾಗಿ ಮಂದೆ ಕರಗುತ್ತದಂತೆ. ತಾವರೆಕೆರೆ ಹತ್ತಿರದ ಈ ಹಟ್ಟಿಯ ಶಾಲೆಗೆ ನಾನು ಟೀಚರಾಗಿ ಬಂದು ಎಂಟು ವರ್ಷವಾಯಿತು. ಯಾರ ಮಂದೆಯಲ್ಲಿ ಎಷ್ಟಿವೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ನನ್ನ ಹೆಸರು ಕಮಲಾಕ್ಷಮ್ಮ. ಪ್ರತಿ ಶುಕ್ರವಾರ ಸಂಜೆ ಶಾಲೆಯ ಜಗಲಿಯಲ್ಲಿ ನಮ್ಮ ಚರ್ಚಾ ಕೂಟ ಸೇರುತ್ತದೆ. ರೇಡಿಯೋದಲ್ಲಿ ಬೇಸಾಯದ ಕಾರ್ಯಕ್ರಮ ಕೇಳಿ, ಆಮೇಲೆ ನಮ್ಮ ನಮ್ಮ ಕಷ್ಟ ಮಾತಾಡುತ್ತೇವೆ. ಮೊದಮೊದಲು ಅದು ಕೂಟವಲ್ಲ, ಸಂತೆ. ಒಬ್ಬ ಕಡಲೆಕಾಯಿ ಗಿಡಕ್ಕೆ ಹುಳ ಬಿದ್ದಿದೆ ಅಂದರೆ ಇನ್ನೊಬ್ಬ ಅಳಿಯನ ಮೇಲೆ ದೂರು ತೆಗೆಯುತ್ತಿದ್ದ. ನನಗೆ ರೇಗಿ ಹೋಯಿತು. ನಾಲ್ಕು ಕಟ್ಟುಪಾಡು ಮಾಡಿದೆ.

ಕೇಳುವುದಿದ್ದರೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಬರೆಯಲು ಬಾರದವರು ಬರೆಸಬೇಕು. ಒಂದು ಚೀಟಿಗೆ ಒಂದೇ ವಿಷಯ. ಆ ಚೀಟಿಯನ್ನು ದಾರಕ್ಕೆ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕುತ್ತೇನೆ. ಉತ್ತರ ತಿಳಿದವರು ಅದೇ ದಾರಕ್ಕೆ ತಮ್ಮ ಚೀಟಿ ಪೋಣಿಸಬೇಕು, ಅಳಿಯನ ಸುದ್ದಿ ಅದರಲ್ಲಿ ಬರಬಾರದು. ಮುಗಿದದ್ದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಕುರಿ, ರಾಗಿ, ಬಾಣಂತಿ ಎಂದು ತಲೆಬರಹ ಹಾಕಿ ಬರೆದಿಡುತ್ತೇನೆ. ಹೊಸದಾಗಿ ಕೇಳುವ ಮುಂಚೆ ಅದನ್ನು ತಿರುವಿ ನೋಡಬೇಕು. ನಮಗೆ ತಿಳಿಯದ್ದು ತಾವರೆಕೆರೆಯ ದನದ ಡಾಕ್ಟರಿಗೋ ನರ್ಸಮ್ಮನಿಗೋ ಹೋಗುತ್ತದೆ.

ಇನ್ನೊಂದಿತ್ತು. ಹೆಸರು ಹೊರಗೆ ಬರಬಾರದು ಅನ್ನುವವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಬೇಕು. ಅದನ್ನು ನಾನೊಬ್ಬಳೇ ಬಿಚ್ಚಿ, ಹೆಸರು ಬಿಟ್ಟು ಪ್ರಶ್ನೆಯನ್ನಷ್ಟೇ ಬೇರೆ ಕಾಗದಕ್ಕೆ ಇಳಿಸುತ್ತೇನೆ. ಇದನ್ನು ಸಾರಿ ಸಾರಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇದು ಇದೇ ವರ್ಷದ, ಎಂಬತ್ತಮೂರನೇ ಇಸವಿಯ ಮಾತು. ಮುಂಗಾರು ಚೆನ್ನಾಗಿ ಹಿಡಿದು ಕೆರೆ ಅಂಗಳದಲ್ಲಿ ಎಳೆ ಹುಲ್ಲು ಎದ್ದಿತು. ಒಂದು ಶುಕ್ರವಾರ ಕಾಟಪ್ಪ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಮುದಿ ಕುರಿ ಒಂದೆಲ್ಡು ಸತ್ತವೆ, ಏನ್ ಮಾಡಾದು ಅಂತ ಬರೀರಿ ಟೀಚರಮ್ಮ."

"ಮುದಿಯವೇ ಏನಪ್ಪಾ? ಸರಿಯಾಗಿ ಎಷ್ಟು ಸತ್ತವು?"

ಅವನು ಜಗಲಿಯ ಆ ತುದಿಯಲ್ಲಿ ಕೂತಿದ್ದ ಓಬಯ್ಯನ ಕಡೆ ನೋಡಿದ. ಮಂದೆ ಕಟ್ಟುವುದರಲ್ಲಿ ಇಬ್ಬರಿಗೂ ಹಿಂದಿನಿಂದ ಪೈಪೋಟಿ.

"ಅಷ್ಟೇ ಬರೀರಿ. ಜಾಸ್ತಿ ಕೆದಕಬ್ಯಾಡಿ."

ಬರೆದೆ. ಪುಸ್ತಕ ತಿರುವಿದೆ. ಮುದಿ ಕುರಿಯ ವಿಷಯ ಎಲ್ಲೂ ಇರಲಿಲ್ಲ. ಚೀಟಿ ಡಾಕ್ಟರಿಗೆ ಹೋಯಿತು. ಅವರು ಚೀಟಿಯಲ್ಲಿ ಇದ್ದುದಕ್ಕೇ ಉತ್ತರ ಬರೆದರು. ಮುದಿ ಕುರಿ ಸೊರಗಿರುತ್ತವೆ, ಹೊಟ್ಟೆ ತುಂಬ ಹಸಿರು ಮೇಯಿಸಿ, ಮತ್ತೆ ಸತ್ತರೆ ತಡಮಾಡದೆ ನನ್ನಲ್ಲಿಗೆ ಬನ್ನಿ ಎಂದಿದ್ದರು. ಕಾಟಪ್ಪ ಮೊದಲ ಮಾತು ಹಿಡಿದುಕೊಂಡ, ಕೊನೆಯ ಮಾತು ಬಿಟ್ಟ. ಬೆಳಕು ಹರಿಯುವ ಮುಂಚೆಯೇ ಇಡೀ ಮಂದೆಯನ್ನು ಕೆರೆ ಅಂಗಳಕ್ಕೆ ಹೊಡೆದ.

ಐದು ದಿನದ ಮೇಲೆ ಅವನ ಹೆಂಡತಿ ಕೆಂಪಕ್ಕ ಶಾಲೆಗೆ ಬಂದಳು. ನಾನು ಮಗ್ಗಿ ಹೇಳಿಸುತ್ತಿದ್ದೆ. ಅವಳು ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಹುಣಸೆ ಬೀಜ ಸುರಿದಳು.

"ಏನಮ್ಮ ಇದು?"

"ಬಾಯಲ್ಲಿ ಹೇಳಬಾರ್ದು ಟೀಚರಮ್ಮ. ನೀವೇ ನೋಡ್ಕಳಿ."

ಒಂಬತ್ತು ಬೀಜ ಇದ್ದವು. ಸತ್ತ ಕುರಿಗೊಂದರಂತೆ.

"ಮುದಿಯವಾ ಇವು?"

"ಎಲ್ಲಿ ಮುದಿಯವು. ಎಲ್ಲಾ ಗುಂಡುಗುಂಡಾಗಿ ಇದ್ದವು. ಚೆನ್ನಾಗಿ ಮೇದವೇ ಬೀಳ್ತಾವೆ. ಹಲ್ಲು ಕಡೀತಾವೆ, ಒದ್ದಾಡ್ತಾವೆ, ಊಟದ ವೊತ್ಗೆ ಸತ್ತೋಗಿರ್ತಾವೆ. ನಮ್ಮವ್ವ ನನ್ ಮದ್ವೇಲಿ ಬಳುವಳಿ ಕೊಟ್ಟಿದ್ಲಲ್ಲ ಕರಿಕುರಿ, ಅದರ ಪೀಳಿಗೇಲಿ ಇನ್ನು ನಾಕೇ ಉಳ್ಕಂಡವೆ." ಹೇಳುವಾಗಲೇ ಅವಳಿಗೆ ಅಳು ಬಂತು. "ಅವೂ ಹೋದ್ರೆ ನಮ್ಮವ್ವನೇ ಇನ್ನೊಂದ್ ಸಲ ಸತ್ತಂಗೆ ಕಣ್ರಮ್ಮ."

ಮಕ್ಕಳನ್ನು ಆಟಕ್ಕೆ ಬಿಟ್ಟೆ. ಪುಸ್ತಕ ತೆಗೆದು ಕುರಿ ಎಂಬ ತಲೆಬರಹದ ಕೆಳಗೆ ಒಂದೊಂದೇ ಓದಿದೆ. ಮೂರನೇ ಹಾಳೆಯಲ್ಲಿ ಸಿಕ್ಕಿತು. ಎರಡು ವರ್ಷದ ಹಿಂದೆ ಬಡವನಹಳ್ಳಿ ಕಡೆಯಿಂದ ಬಂದ ನೆಂಟರೊಬ್ಬರು ಕೇಳಿದ್ದರು. ಮಳೆ ಬಿದ್ದ ಮೇಲೆ ಎಳೆ ಹುಲ್ಲು ಮೇದ ದಷ್ಟಪುಷ್ಟ ಕುರಿಗಳೇ ಸಾಯುತ್ತಿವೆ, ಯಾಕೆ ಎಂದು. ಕೆಳಗೆ ಡಾಕ್ಟರ ಉತ್ತರ. ಇದು ಕರುಳುಬೇನೆ ಇರಬಹುದು, ಎಳೆ ಹುಲ್ಲು ಮಿತಿಮೀರಿ ಮೇದರೆ ಕರುಳಲ್ಲಿ ವಿಷವೇಳುತ್ತದೆ. ಹಸಿದ ಕುರಿಯನ್ನು ಎಳೆ ಹುಲ್ಲಿಗೆ ಬಿಡಬೇಡಿ, ಮೊದಲು ಒಣಮೇವು ಕೊಡಿ. ಸತ್ತದ್ದನ್ನು ಸುಲಿಯದೆ ಆಳವಾಗಿ ಹೂಳಿ. ಉಳಿದವಕ್ಕೆ ಬೇಗ ಸೂಜಿ ಹಾಕಿಸಿ.

"ಅಂಗಾದ್ರೆ ಮದ್ದು ಇಲ್ಲೇ ಇತ್ತಾ, ಈ ಪುಸ್ತಕದಾಗೆ?" ಅಂದಳು ಕೆಂಪಕ್ಕ.

"ಇತ್ತು ತಾಯಿ. ಮುದಿ ಕುರಿ ಅಂತ ಹುಡುಕಿದರೆ ಹೆಂಗೆ ಸಿಗುತ್ತೆ?"

ಅಷ್ಟರಲ್ಲಿ ಕಾಟಪ್ಪ ಹೆಂಡತಿಯನ್ನು ಹುಡುಕಿಕೊಂಡು ಬಂದ. ಮೇಜಿನ ಮೇಲಿನ ಬೀಜ ನೋಡಿ ಮುಖ ಕೆಂಪಗಾಯಿತು.

"ಯಾರ್ನ ಕೇಳಿ ಬಂದ್ಯೇ ಇಲ್ಲಿಗೆ?"

"ನೀನು ಹೇಳ್ಲಿಲ್ಲ, ಅದ್ಕೇ ನಾನು ಬಂದೆ. ಎಣಿಸ್ಲಿಲ್ಲ ಅಂತ ಸಾವು ನಿಂತದಾ?" ಅಂದಳು ಅವಳು.

"ಓಬಯ್ಯನ ಕಿವಿಗೆ ಬಿದ್ರೆ ಹಟ್ಟಿ ಪೂರ್ತಿ ನಗ್ತದೆ ಕಣೇ. ಕಾಟಪ್ಪನ ಮಂದೆ ಕರಗ್ತು ಅಂತ."

ನನಗೆ ತಡೆಯಲಾಗಲಿಲ್ಲ. "ಅಲ್ಲಯ್ಯಾ, ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಅಂತ ಹಿರಿಯರು ಸುಮ್ಮನೆ ಹೇಳಿದರಾ? ಮುದಿ ಕುರಿ ಅಂದೆ, ಹಸಿರು ಮೇಯಿಸಿ ಅಂದರು. ಆ ಹಸಿರೇ ಬೆಂಕಿಗೆ ತುಪ್ಪ ಆಯಿತು. ನಿನಗೆ ಗುಟ್ಟು ಬೇಕು ಅಂದರೆ ಗುಟ್ಟಿಗೂ ದಾರಿ ಮಾಡಿದ್ದೇನಲ್ಲ, ಮಡಿಸಿದ ಚೀಟಿ. ಹೆಸರು ಮುಚ್ಚಿಡು ಕಾಟಪ್ಪ, ರೋಗ ಮುಚ್ಚಿಡಬೇಡ."

ಅವನು ಮೇಜಿನ ಮೇಲಿನ ಬೀಜಗಳನ್ನು ಬೆರಳಿನಿಂದ ಒಂದೆಡೆ ಕೂಡಿಸಿದ.

"ನಿಜವಾಗ್ಲೂ ನನ್ ಹೆಸ್ರು ಬರಾಕಿಲ್ವಾ?"

"ಈ ಎಂಟು ವರ್ಷದಲ್ಲಿ ಯಾರ ಮನೆ ಮಾತನ್ನಾದರೂ ಇನ್ನೊಬ್ಬರ ಮನೆಗೆ ಹೊತ್ತಿದ್ದೇನಾ, ಹೇಳು."

"ಅದೊಂದ್ ಮಾತ್ನ ನಿಮ್ ಮ್ಯಾಲೆ ಆಡಂಗಿಲ್ಲ ಬುಡಿ" ಎಂದು ನೆಲದ ಮೇಲೆ ಕೂತ. ಒಂದೊಂದಾಗಿ ಎಲ್ಲ ಹೇಳಿದ. ಎಲ್ಲಿ ಮೇಯಿಸಿದ, ಯಾವಾಗ ಬಿದ್ದವು, ಎಂಥವು ಬಿದ್ದವು, ಎಲ್ಲ. ಎಷ್ಟು ಎಂಬುದಕ್ಕೆ ಮಾತ್ರ ಬೀಜದ ಕಡೆ ಬೆರಳು ತೋರಿಸಿದ. ಬರೆದು, ನಾಲ್ಕು ಮಡಿಕೆ ಮಾಡಿ ಅವನ ಕೈಗೇ ಕೊಟ್ಟೆ. ಅದನ್ನು ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋದ.

ಮಾರನೆಯ ದಿನ ಡಾಕ್ಟರು ಬಂದು, ಅವತ್ತು ಬೆಳಗ್ಗೆ ಸತ್ತಿದ್ದ ಇನ್ನೊಂದು ಕುರಿಯನ್ನು ನೋಡಿದರು. ಕರುಳುಬೇನೆಯೇ. ಉಳಿದವಕ್ಕೆ ಸೂಜಿ ಹಾಕಿದರು. ಸೂಜಿ ಹತ್ತುವುದಕ್ಕೆ ದಿನ ಬೇಕು, ಅಲ್ಲಿಯವರೆಗೆ ಕೆರೆ ಅಂಗಳದ ಕಡೆ ತಲೆ ಹಾಕಬೇಡಿ ಅಂದರು. ಕೆಂಪಕ್ಕ ದಿನಾ ಬೆಳಗ್ಗೆ ಕಡಲೆಕಾಯಿ ಒಣಬಳ್ಳಿ ಹಾಕಿ, ಆಮೇಲೆ ಮಂದೆಯನ್ನು ಗುಡ್ಡದ ಕಡೆ ಹೊಡೆಯುತ್ತಿದ್ದಳು. ಸತ್ತದ್ದು ಅದೇ ಕೊನೆ. ಕರಿಕುರಿ ನಾಲ್ಕೂ ಉಳಿದವು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಮೂರು ವಾರದ ಮೇಲೆ ಪೆಟ್ಟಿಗೆಯಲ್ಲಿ ಮತ್ತೊಂದು ಮಡಿಸಿದ ಚೀಟಿ ಇತ್ತು. ಬಿಚ್ಚಿ ಓದಿದೆ, ಹೆಸರು ಬಿಟ್ಟು ಇಳಿಸಿದೆ, ಶುಕ್ರವಾರ ಕೂಟದಲ್ಲಿ ಓದಿ ಹೇಳಿದೆ. "ನಮ್ಮ ಸದಸ್ಯರೊಬ್ಬರ ಗುಂಡುಕಲ್ಲಿನಂಥ ಕುರಿ ಎರಡು ಇದ್ದಕ್ಕಿದ್ದಂತೆ ಸತ್ತಿವೆ. ಕೆರೆ ಅಂಗಳದಲ್ಲಿ ಮೇದಿದ್ದವು. ಏನು ಮಾಡಬೇಕು?"

ಪುಸ್ತಕದ ಉತ್ತರ ಓದಿದೆ. ಆಗ ಕಾಟಪ್ಪ ಎದ್ದು ನಿಂತ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

"ಬರೇ ಓದಿದ್ರೆ ನಂಬಾಕಿಲ್ಲ ಟೀಚರಮ್ಮ, ನಾನೂ ನಂಬ್ತಿರ್ಲಿಲ್ಲ. ಕೇಳಿ ಎಲ್ಲಾರೂವೆ. ನಂದು ಸತ್ತಿದ್ದು ಹತ್ತು. ಕೆಟ್ಟ ಮೇಲೆ ಬುದ್ಧಿ ಬಂತು ನಂಗೆ. ಆ ಚೀಟಿ ಯಾರ್ದೋ ನಂಗೆ ಬ್ಯಾಡ. ಯಾರಾದ್ರೂ ಆಗ್ಲಿ, ಬೆಳಿಗ್ಗೆ ಡಾಕ್ಟರ ತಾವ ವೋಗ್ಲಿ. ಒಬ್ರೇ ವೋಗಾಕೆ ನಾಚ್ಕೆ ಆದ್ರೆ ನನ್ನ ಕರೀಲಿ, ಜತೇಲಿ ಬತ್ತೀನಿ."

ಹಟ್ಟಿ ಹುಟ್ಟಿದಾಗಿನಿಂದ ಯಾರೂ ತಮ್ಮ ಕುರಿಯ ಲೆಕ್ಕ ಹೀಗೆ ನಾಲ್ಕು ಜನರ ಎದುರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕೆಂಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೂ ನಗಲಿಲ್ಲ.

ಕೂಟ ಮುಗಿದು ಎಲ್ಲರೂ ಎದ್ದರು. ನಾನು ದಾರ ಸುತ್ತುತ್ತಿದ್ದೆ. ಓಬಯ್ಯ ಮಾತ್ರ ಎದ್ದಿರಲಿಲ್ಲ. ಆಮೇಲೆ ಮೆಟ್ಟಿಲಿಳಿಯುತ್ತಿದ್ದ ಕಾಟಪ್ಪನ ಹಿಂದೆ ಹೋಗಿ, ಮೆತ್ತಗೆ, "ಲೇ ಕಾಟಪ್ಪ, ಬೆಳಿಗ್ಗೆ ಎಷ್ಟೊತ್ಗೆ ವೊಂಡಾನಾ?" ಅಂದ.

ಕಾಟಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. "ಕೋಳಿ ಕೂಗ್ದೇಟ್ಗೆ ಬಂದ್ಬುಡು. ಕುರಿಗೆ ಒಣಮೇವು ಹಾಕ್ಬುಟ್ಟು ಬಾ" ಅಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಇಂಥ ಒಂದು ಕೂಟ ಮಾಡಿಕೊಳ್ಳಿ. ಒಂದು ಪೆಟ್ಟಿಗೆ, ಒಂದಿಷ್ಟು ದಾರ, ಒಂದು ಪುಸ್ತಕ ಸಾಕು. ಕೇಳುವ ಮುಂಚೆ ಹಳೆಯ ಉತ್ತರ ತಿರುವಿ ನೋಡಿ. ಕೇಳುವಾಗ ಇದ್ದದ್ದು ಇದ್ದ ಹಾಗೆ ಕೇಳಿ. ನಾಚಿಕೆಯಾದರೆ ಚೀಟಿ ಮಡಿಸಿ ಹಾಕಿ, ಮಡಿಸಿದ್ದನ್ನು ಬಿಚ್ಚುವವರು ಬಾಯಿ ಬಿಗಿಹಿಡಿಯಲಿ. ನಿಮ್ಮ ಕಷ್ಟ ನೀಗಿದ ಮೇಲೆ ಮಾತ್ರ ಸುಮ್ಮನೆ ಮನೆಗೆ ಹೋಗಬೇಡಿ. ಅದೇ ಕಷ್ಟ ಹೊತ್ತು ಬಾಯಿಬಿಡಲಾಗದವರೊಬ್ಬರು ನಿಮ್ಮ ಪಕ್ಕದಲ್ಲೇ ಕೂತಿರಬಹುದು.