ಮೂರು ತಾಮ್ರದ ಮೊಳೆ

ಶಬನಮಳ ಸಿಟ್ಟು ಇಳಿಯುವಂಥದ್ದಲ್ಲ ಎಂದು ಜೋರಾಪುರ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಇಳಿಯಬೇಕಾದರೂ ಯಾಕೆ? ಅವಳ ಅಪ್ಪ ನಿಜಾಮುದ್ದೀನ ಮಿಸ್ತ್ರಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಹೋದ ಎಂದು ಡಾಕ್ಟರು ಬರೆದುಕೊಟ್ಟರು. ಅಲ್ಲ, ದ್ರಾಕ್ಷಿ ತೋಟಗಳಿಗೆ ಟೆಂಪೋದಲ್ಲಿ ಆಳು ಸಾಗಿಸುವ ತಿಕೋಟಾದ ಗುರಣ್ಣನ ಒಂದು ಮಾತಿನಿಂದ ಹೋದ ಎಂದು ಮಗಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಳು.

ಆ ಮಾತು ಇಷ್ಟೇ. "ಕಟ್ಟಿಗಿ ಹಸಿ ಇತ್ತು."

ಬೇರೆ ಯಾರಿಗಾದರೂ ಇದು ಸಣ್ಣ ಮಾತು. ನಿಜಾಮುದ್ದೀನ ಮಿಸ್ತ್ರಿಗೆ ಅಲ್ಲ. ನಲವತ್ತು ವರ್ಷ ಆತ ಲಾರಿ, ಟೆಂಪೋಗಳಿಗೆ ಕಟ್ಟಿಗೆಯ ಬಾಡಿ ಕಟ್ಟಿದವನು. ಬಬಲೇಶ್ವರದ ಕಡೆಯಿಂದ ಜಾಲಿ ಮರದ ಬೊಡ್ಡೆ ತಂದು, ಮಮದಾಪುರದ ಕೆರೆಯಲ್ಲಿ ಕಲ್ಲು ಕಟ್ಟಿ ಮುಳುಗಿಸಿಡುತ್ತಿದ್ದ. ಮೂರು ವರ್ಷ ನೀರಲ್ಲಿ, ಒಂದು ವರ್ಷ ನೆರಳಲ್ಲಿ. ಅಷ್ಟಾದ ಮೇಲೆ ಹೆಬ್ಬೆರಳಿನ ಉಗುರು ಊರಿ ನೋಡುವನು. ಗೆರೆ ಬಿದ್ದರೆ ಮತ್ತೆ ನೀರಿಗೆ. ಮಮದಾಪುರದವರ ಎತ್ತಿನ ಗಾಡಿಗಳನ್ನು ಆತ ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದುದರಿಂದ ಅವನ ಬೊಡ್ಡೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೆಸರು ಬರೆಯುವ ರೂಢಿ ಅವನಿಗಿರಲಿಲ್ಲ. ಪ್ರತಿ ತೊಲೆಯ ಒಂದು ತುದಿಗೆ, ತಾನೇ ಬಡಿದು ಮಾಡಿದ ಚೌಕ ತಲೆಯ ಮೂರು ತಾಮ್ರದ ಮೊಳೆಗಳನ್ನು ಮುಕ್ಕೋನವಾಗಿ ಹೊಡೆಯುತ್ತಿದ್ದ. ಓದು ಬರದವರಿಗೂ ಇದು ಯಾರ ಕೆಲಸವೆಂದು ತಿಳಿಯಬೇಕು ಎನ್ನುತ್ತಿದ್ದ.

ಗುರಣ್ಣನ ಟೆಂಪೋದ ತಳಕ್ಕೂ ಇಂಥವೇ ಎರಡು ತೊಲೆ ಕೂರಿಸಿದ್ದ, ಬಲಕ್ಕೊಂದು, ಎಡಕ್ಕೊಂದು, ಎರಡೂ ಒಂದೇ ಬೊಡ್ಡೆಯಿಂದ ಕೊಯ್ದವು. ವರ್ಷ ತುಂಬುವುದರೊಳಗೆ, ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯ ಹಂಗಾಮಿನಲ್ಲಿ, ತೋಟಕ್ಕೆ ಹೊರಟ ಆಳುಗಳನ್ನು ತುಂಬಿಕೊಂಡಿದ್ದ ಆ ಟೆಂಪೋ ಹೊನವಾಡದ ತಿರುವಿನಲ್ಲಿ ವಾಲಿತು. ಎಡಗಡೆಯ ತೊಲೆ ಲಟಕ್ಕನೆ ಮುರಿದಿತ್ತು. ಹನ್ನೊಂದು ಹೆಂಗಸರು ರಸ್ತೆಗೆ ಬಿದ್ದರು. ಹತ್ತು ಮಂದಿ ಮೈ ಕೊಡವಿಕೊಂಡು ಎದ್ದರು, ಸತ್ಯವ್ವ ಎಂಬವಳ ಕಾಲು ಮಾತ್ರ ಎರಡು ಕಡೆ ಮುರಿದು ಮತ್ತೆ ನೆಟ್ಟಗಾಗಲಿಲ್ಲ. ಗುರಣ್ಣ ಎಲ್ಲರೆದುರು ಕೈ ಝಾಡಿಸಿಕೊಂಡ. ಕಟ್ಟಿಗೆ ಹಸಿ ಇತ್ತು, ಮಿಸ್ತ್ರಿ ಮೋಸ ಮಾಡಿದ ಅಂದ. ಮುರಿದ ತುಂಡುಗಳನ್ನು ಕೇಳಿದರೆ ಸುಟ್ಟುಹಾಕಿದೆ ಅಂದ. ಸತ್ಯವ್ವ ಕೋಲು ಊರಿಕೊಂಡು ಜೋರಾಪುರ ಪೇಟೆಗೆ ಬಂದು, ಮಿಸ್ತ್ರಿಯ ಬಾಗಿಲಿಗೆ ಮೂರು ಸಲ ಮಣ್ಣು ತೂರಿ ಹೋದಳು.

ಗಿರಾಕಿಗಳು ನಿಂತರು. ಅದನ್ನಾದರೂ ಶಬನಮ ಸಹಿಸುತ್ತಿದ್ದಳೇನೋ. ಐಟಿಐಯಲ್ಲಿ ಫಿಟ್ಟರ್ ಕಲಿಸುವ ನೌಕರಿ ಅವಳಿಗಿತ್ತು, ಮನೆ ನಡೆಯುತ್ತಿತ್ತು. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಅಪ್ಪ ಆ ಮಾತನ್ನು ನಂಬಿಬಿಟ್ಟ. ಮಂಚದ ಕಾಲು, ಬಾಗಿಲ ಚೌಕಟ್ಟು, ರೊಟ್ಟಿ ಬಡಿಯುವ ಕೊಣಮಿಗೆ, ಕಂಡ ಕಂಡ ಕಟ್ಟಿಗೆಗೆಲ್ಲ ಉಗುರು ಊರಿ ನೋಡುತ್ತ ಕೂರುತ್ತಿದ್ದ. "ನೀರಾಗಿಂದ ಒಂದ ವರ್ಷ ಲಗೂ ತಗದ್ನೇನೋ ಬೇಟಾ. ನನಗ ಕಣ್ಣ ಸರಿ ಕಾಣಲಿಲ್ಲೇನೋ," ಎನ್ನುತ್ತಿದ್ದ. ಎರಡು ವರ್ಷ ಹೀಗೇ ಕಳೆದು, ಹೀಗೆನ್ನುತ್ತಲೇ ತೀರಿಹೋದ.

ಅಪ್ಪನ ಪೆಟ್ಟಿಗೆಯಲ್ಲಿ ಹಳೆ ಕ್ಯಾಲೆಂಡರಿನ ಒಂದು ಹಾಳೆ ಸಿಕ್ಕಿತು. ಹಿಂಬದಿಗೆ ಪೆನ್ಸಿಲಿನಲ್ಲಿ ಒಂದು ಗಾಡಿಯ ಚಿತ್ರ. ಉದ್ದ ಮೂಗು, ನೆಲಕ್ಕೆ ತಾಗುವಷ್ಟು ಗಿಡ್ಡ ಮೈ, ಮೇಲೆ ಚಪ್ಪರವಿಲ್ಲ, ಬಾಗಿಲಿಲ್ಲ, ಇಂಜಿನ್ನು ಹೊರಗೇ ಕಾಣುವಂತೆ. ಮೈಯೆಲ್ಲ ಕಟ್ಟಿಗೆ. "ಜನ್ಮ ಎಲ್ಲಾ ಮಾಲ ಹೇರೂ ಪೆಟ್ಟಿಗಿ ಮಾಡೇನಿ. ಒಂದರೆ ಗಾಳಿ ಹಂಗ ಓಡೂದ ಮಾಡಬೇಕು," ಎಂದು ಆತ ಹೇಳುತ್ತಿದ್ದುದನ್ನು ತಾಯಿ ಆಶಾಬಿ ನೆನಪಿಸಿದಳು. ಪಕ್ಕದ ಗಲ್ಲಿಯ ಮೆಕ್ಯಾನಿಕ್ ರಿಯಾಜ ಹಾಳೆ ತಿರುಗಿಸಿ ತಿರುಗಿಸಿ ನೋಡಿದ.

"ಇದಕ್ಕ ಹಾಟ್ ರಾಡ್ ಅಂತಾರ ಅಕ್ಕಾ, ಜೋರ ಓಡಾಕ ಹಳೇ ಗಾಡಿ ಬಿಚ್ಚಿ ಮಾಡ್ತಾರ. ಮೊಬೈಲದಾಗ ನೋಡೇನಿ. ಚಾಚಾಗ ಇದು ಹೆಂಗ ಗೊತ್ತಿತ್ತು?"

"ಅವರಿಗೆ ಕಟ್ಟಿಗಿ ಗೊತ್ತಿತ್ತು," ಅಂದಳು ಶಬನಮ.

ಆ ಗಾಡಿಯನ್ನು ಕಟ್ಟಿಯೇ ತೀರಬೇಕೆಂದು, ಒಂದು ಹಳೆ ಜೀಪಿನ ಚಾಸಿ ಹುಡುಕಲು ಇಬ್ಬರೂ ಗುಜರಿಗೆ ಹೋದರು. ಅಲ್ಲಿ, ತುಕ್ಕು ಹಿಡಿದ ರೇಡಿಯೇಟರುಗಳ ಕೆಳಗೆ, ಒಂದು ಉದ್ದ ತೊಲೆ ಬಿದ್ದಿತ್ತು. ತುದಿಗೆ ಮೂರು ತಾಮ್ರದ ಮೊಳೆ. ಗುರಣ್ಣನ ಟೆಂಪೋ ಬಿಚ್ಚಿದಾಗ ಬಂದ ಬಲಗಡೆಯ ತೊಲೆ ಎಂದು ಗುಜರಿಯವನೇ ಹೇಳಿದ. ಶಬನಮ ಉಗುರು ಊರಿದಳು, ಉಗುರೇ ಬಾಗಿತು. ಒಂದೇ ಬೊಡ್ಡೆ, ಒಂದೇ ಕೆರೆಯ ನೀರು. ಬಲಗಡೆಯದು ಕಬ್ಬಿಣದಂತಿದ್ದರೆ ಎಡಗಡೆಯದು ಹಸಿ ಇರುವುದು ಹೇಗೆ? ಗುರಣ್ಣ ಸುಳ್ಳು ಹೇಳಿದ್ದಾನೆ ಎಂದು ಅವಳಿಗೆ ಅಂದೇ ಖಾತ್ರಿಯಾಯಿತು. ಆದರೆ ಸುಟ್ಟ ತೊಲೆಯನ್ನು ಯಾರಿಗೆ ತೋರಿಸುವುದು?

ಕೊನೆಯ ಸಲ ಅಪ್ಪ ಕೆರೆಗೆ ಹಾಕಿದ್ದು ಮೂರು ಬೊಡ್ಡೆ. ಒಂದು ಗುರಣ್ಣನ ಟೆಂಪೋಕ್ಕೆ ಹೋಗಿತ್ತು. ಎರಡನೆಯದನ್ನು ಅವಳು ಎತ್ತಿಸಿ ನೆರಳಲ್ಲಿ ಒಣಗಿಸಿದಳು, ಮೂರನೆಯದು ನೀರಲ್ಲೇ ಉಳಿಯಿತು. ರಜೆಯ ದಿನವೆಲ್ಲ, ಸಂಜೆಯೆಲ್ಲ ಕೆಲಸ. ಗುಜರಿಯ ತೊಲೆ ಬಲಕ್ಕೆ ಕೂತಿತು, ಹೊಸದೊಂದನ್ನು ಕೊಯ್ದು ಎಡಕ್ಕೆ ಕೂರಿಸಿದಳು. ಪಟ್ಟಿಗಳನ್ನು ಕುದಿವ ನೀರಲ್ಲಿಟ್ಟು ಬಗ್ಗಿಸಿ ಮೂಗು ಕಟ್ಟಿದಳು. ಬಣ್ಣ ಬಳಿಯಲಿಲ್ಲ, ಅಗಸೆ ಎಣ್ಣೆ ಉಜ್ಜಿದಳು. ರಿಯಾಜ ಇಂಜಿನ್ನು ಕೂರಿಸಿ ಚಾಲೂ ಮಾಡಿದಾಗ ಗಲ್ಲಿಯ ಕೋಳಿಗಳೆಲ್ಲ ಮಾಳಿಗೆ ಹತ್ತಿದವು. ಕೊನೆಗೆ ಒಂದು ಹಲಗೆ ಮಾತ್ರ ಉಳಿಯಿತು. ಬಾಗಿಲಿಲ್ಲದ ಗಾಡಿಗೆ ಎಡಗಡೆ ಕಾಲೆತ್ತಿ ದಾಟುವಲ್ಲಿ ಕೂರಿಸಬೇಕಾದ ನಾಲ್ಕಡಿಯ ಹಲಗೆ. ಅದಕ್ಕೆಂದು ಇಟ್ಟ ಕಟ್ಟಿಗೆಯಲ್ಲಿ ಗಂಟು ಬಂದು ಕೈ ಕೊಟ್ಟಿತು. ಸದ್ಯಕ್ಕೆ ಒಂದು ಪ್ಲೈವುಡ್ ತುಂಡು ಬಿಗಿದಳು.

"ಅಬ್ಬಾನ ನೆನಪಿಗಿ ಗಾಡಿ ಮಾಡಾಕತ್ತೀಯೋ, ಹಗಿ ಸಾಧಸಾಕತ್ತೀಯೋ?" ಎಂದಳು ಆಶಾಬಿ.

"ಎರಡೂ. ಅವನ ಬಾಗಿಲ ಮುಂದ ದಿನಾ ಓಡಸ್ತೇನಿ. ನಮ್ಮ ಅಬ್ಬಾನ ಕಟ್ಟಿಗಿ ಮುರೀತೈತೇನು ಅಂತ ಅಂವಾ ದಿನಾ ಕುಂತ ನೋಡ್ಲಿ."

ದ್ರಾಕ್ಷಿ ಕಟಾವಿನ ದಿನಗಳು. ಮುಂಜಾನೆ ಏಳಕ್ಕೆ ಗುರಣ್ಣನ ಮನೆಯ ಮುಂದೆ ತೋಟಗಳಿಗೆ ಹೋಗುವ ನಲವತ್ತು ಐವತ್ತು ಆಳುಗಳು ಬುತ್ತಿ ಹಿಡಿದು ನಿಲ್ಲುತ್ತಾರೆ. ಶಬನಮ ಬೇಕೆಂದೇ ಆ ಹೊತ್ತಿಗೆ ಗಾಡಿ ಒಯ್ದಳು. ಜನ ಬಾಯಿ ತೆರೆದು ನಿಂತರು, ಕೆಲವರು ಫೋಟೋ ತೆಗೆದರು. ಅವಳು ಕೆಳಗಿಳಿದು ನೆಟ್ಟಗೆ ಬಾಗಿಲಿಗೇ ನಡೆದಳು, ಗುರಣ್ಣನನ್ನು ಹೊರಗೆ ಕರೆದು ತೋರಿಸಬೇಕು ಎಂದು.

ಬಾಗಿಲಲ್ಲಿ ಸತ್ಯವ್ವ ಕೂತಿದ್ದಳು. ಟೆಂಪೋ ಹತ್ತಲಾಗದ ಆಕೆಗೆ ಗುರಣ್ಣ ಮನೆಯಲ್ಲೇ ಕಸ ಮುಸುರೆಯ ಕೆಲಸ ಕೊಟ್ಟಿದ್ದ, ಊರೆಲ್ಲ ಅವನ ಧರ್ಮಬುದ್ಧಿಯನ್ನು ಹೊಗಳಿತ್ತು. ಸೊಟ್ಟ ಕಾಲನ್ನು ಮುಂದೆ ಚಾಚಿ, ಆಕೆ ಹುಣಸೆಹಣ್ಣಿನಿಂದ ಹೊಸ್ತಿಲನ್ನು ತಿಕ್ಕುತ್ತಿದ್ದಳು. ಅರಿಷಿಣದ ಪಟ್ಟೆಯ ಪಕ್ಕ, ಒಂದು ತುದಿಗೆ, ಮೂರು ತಾಮ್ರದ ಮೊಳೆಗಳು ಫಳಫಳ ಹೊಳೆಯುತ್ತಿದ್ದವು. ಮುಕ್ಕೋನ. ಚೌಕ ತಲೆ.

ಶಬನಮ ಬಗ್ಗಿ ಆ ಮೊಳೆಗಳನ್ನು ನೋಡಿದಳು.

"ಯವ್ವಾ, ಈ ಹೊಸ್ತಲ ಯಾವಾಗ ಕುಂದರಿಸಿದ್ದು?"

ಸತ್ಯವ್ವ ತಲೆ ಎತ್ತಿ ನೋಡಿದಳು, ಯಾರೆಂದು ಗುರುತು ಹತ್ತಿ ಮುಖ ಗಂಟಿಕ್ಕಿದಳು. "ಮನಿ ಕಟ್ಟಿದಾಗ. ನನ್ನ ಕಾಲ ಮುರಿಯೂ ವರ್ಷ, ಉಗಾದಿಗೆ. ನಿನಗ್ಯಾಕ ಬೇಕು?"

"ಕಾಲ ಮುರದಿದ್ದು?"

"ಅದಽ ವರ್ಷ ಚಾಟ್ನಿಗಿ. ನಿಮ್ಮ ಅಪ್ಪನ ಪುಣ್ಯಾ."

ಉಗಾದಿ ಮೊದಲು, ಚಾಟ್ನಿ ಆಮೇಲೆ. ಅಂದರೆ ಟೆಂಪೋ ವಾಲುವ ಮೊದಲೇ ಅಪ್ಪನ ತೊಲೆ ಹೊಸ್ತಿಲಾಗಿತ್ತು. ಶಬನಮ ಸತ್ಯವ್ವಳ ರಟ್ಟೆ ಹಿಡಿದು ಎಬ್ಬಿಸಿ ಗಾಡಿಯ ಬಲಗಡೆಗೆ ಕರೆದೊಯ್ದಳು. ಹುಣಸೆಹಣ್ಣು ಅಂಟಿದ ಆಕೆಯ ಹೆಬ್ಬೆರಳನ್ನು ತೊಲೆಯ ಮೊಳೆಗಳ ಮೇಲೆ ಇಟ್ಟಳು. ಆರು ವರ್ಷ ಬೆಳಗಿದ ಬೆರಳು ಅದು. ಚೌಕ ತಲೆಯ ನಾಲ್ಕು ಮೂಲೆಗಳನ್ನೂ ಮುಟ್ಟಿತು, ಒಂದರಿಂದ ಇನ್ನೊಂದಕ್ಕೆ ಹೋಯಿತು, ನಿಂತಿತು.

"ಇದು ನಿಮ್ಮನ್ನ ಕೆಡವಿದ ಟೆಂಪೋದ ಬಲಗಡಿ ತೊಲಿ. ಎಡಗಡೀದು ಸುಟ್ಟಿಲ್ಲ ಯವ್ವಾ. ಅದನ್ನ ನೀವು ದಿನಾ ತಿಕ್ಕಾಕತ್ತೀರಿ."

ಸತ್ಯವ್ವ ಮೊಳೆಗಳಿಂದ ಕೈ ತೆಗೆದಳು. ಆಮೇಲೆ ಕುಂಟುತ್ತ ವಾಪಸ್ಸು ಹೋದಳು. ತಿಕ್ಕಲು ಅಲ್ಲ. ಹೊಸ್ತಿಲ ಮೇಲೆಯೇ ಗಟ್ಟಿಯಾಗಿ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರುವುದು ಆ ಸೀಮೆಯಲ್ಲಿ ಮನೆಗೇ ಕೇಡು ಬಯಸಿದಂತೆ. ಚಹಾದ ಬಟ್ಟಲು ಹಿಡಿದು ಒಳಗಿನಿಂದ ಬಂದ ಗುರಣ್ಣ ನಡುಮನೆಯಲ್ಲೇ ನಿಂತ.

"ಏನ ಬೇ, ಏಳ ಮ್ಯಾಲ. ಹೊಸ್ತಲ ಮ್ಯಾಲ ಕುಂದರ್ತಾರೇನು?"

"ನನ್ನ ಕಾಲ ಇದರಾಗ ಐತಿ. ಅದರ ಮ್ಯಾಲ ನಾ ಕುಂದರ್ತೇನಿ," ಅಂದಳು ಸತ್ಯವ್ವ.

ಮಾತು ಆಳುಗಳ ನಡುವೆ ಹರಡಿತು. ಅಂದು ಟೆಂಪೋದಿಂದ ಬಿದ್ದವರಲ್ಲಿ ಆರು ಮಂದಿ ಅಲ್ಲೇ ಇದ್ದರು, ಒಬ್ಬೊಬ್ಬರೂ ಬಂದು ಮೊಳೆ ಮುಟ್ಟಿ ನೋಡಿದರು. ತೋಟಕ್ಕೆ ಒಯ್ಯಲು ನಿಂತಿದ್ದ ಗುರಣ್ಣನ ಗಾಡಿಯನ್ನು ಯಾರೂ ಹತ್ತಲಿಲ್ಲ. ಅತ್ತ ತೋಟದಲ್ಲಿ ಹಣ್ಣು ಕಾಯುತ್ತಿತ್ತು, ಬಿಸಿಲು ಏರುತ್ತಿತ್ತು. ಗುರಣ್ಣನ ಹಣೆ ಬೆವರಿತು.

"ತಂಗಿ, ಒಳಗ ಬಾ, ಕುಂತ ಮಾತಾಡೂಣು," ಅಂದ.

"ನೀವು ಅಂದಿದ್ದು ಹೊರಗ, ಮಂದಿ ಮುಂದ. ಈಗೂ ಹೊರಗ ಅನ್ರಿ."

"ಹೊಸ್ತಲಿಗೆ ಚೊಲೋ ಕಟ್ಟಿಗಿ ಬೇಕು ಅಂದಿದ್ರು ಸ್ವಾಮಿಗೋಳು. ಎಲ್ಲೂ ಸಿಗಲಿಲ್ಲ. ಟೆಂಪೋದ ತಳಾ ಯಾರ ನೋಡ್ತಾರ ಅಂತ..."

"ಮೊಳಿ ಯಾಕ ಬಿಟ್ರಿ?"

ಗುರಣ್ಣ ನೆಲ ನೋಡಿದ. "ಹೊಸ್ತಲಿಗೆ ತಾಮ್ರ ಇದ್ರ ಮನಿಗಿ ಶುಭ ಅಂತಾರಲಾ."

ಕೇಳಿ ಶಬನಮಳಿಗೆ ನಗು ಬಂತು, ಒಳ್ಳೆಯ ನಗುವಲ್ಲ. ತನ್ನ ಸುಳ್ಳಿನ ಗುರುತನ್ನೇ ಶುಭವೆಂದು ಆರು ವರ್ಷ ಅರಿಷಿಣ ಹಚ್ಚಿ ಪೂಜಿಸಿದ ಮನುಷ್ಯ. "ಇನ್ನೊಂದ ಮಾತ ಉಳದೈತ್ರಿ," ಅಂದಳು. ಅವನು ಕೆಮ್ಮಿದ, ಅತ್ತಿತ್ತ ನೋಡಿದ, ಕೊನೆಗೆ ಹೇಳಿದ. "ಮಿಸ್ತ್ರಿ ಕಟ್ಟಿಗಿ ಹಸಿ ಇದ್ದಿದ್ದಿಲ್ಲ. ಅದನ್ನ ತಗದು ನಾನಽ ಬ್ಯಾರೆ ಹಾಕಿದ್ದೆ."

ಹಿತ್ತಲಲ್ಲಿದ್ದ ಹಾರೆಯನ್ನು ಆಳೊಬ್ಬ ತಂದು ಒಳಗೆ ಚಾಚಿದ. ಸತ್ಯವ್ವ ಎದ್ದು ಪಕ್ಕಕ್ಕೆ ಸರಿದಳು. ಗುರಣ್ಣ ತನ್ನ ಕೈಯಾರೆ ತನ್ನ ಮನೆಯ ಹೊಸ್ತಿಲನ್ನು ಕಿತ್ತ. ಒಳಗೆ ಅವನ ಹೆಂಡತಿ ಅಳುವುದು ಕೇಳಿಸಿತು. ಶಬನಮಳಿಗೆ ಆ ಅಳು ಚುಚ್ಚಿತು, ಆದರೂ ಸಾಕು ಎನ್ನಲಿಲ್ಲ.

ಪ್ಲೈವುಡ್ ಬಿಚ್ಚಿ ಕಿತ್ತ ಹೊಸ್ತಿಲನ್ನು ಗಾಡಿಗೆ ಇಟ್ಟರೆ ಬೆರಳಗಲ ಕೊಯ್ದದ್ದೇ ಹೆಚ್ಚು, ಸರಿಯಾಗಿ ಕೂತಿತು. ಕಾಲು ಸವೆದು ನಡುವೆ ಒಂದಿಷ್ಟು ತಗ್ಗಾಗಿತ್ತು, ಅದನ್ನು ಅವಳು ಹೆರೆಯಲಿಲ್ಲ. ಮೊದಲು ದಾಟಿ ಕೂತವಳು ಸತ್ಯವ್ವ. ಹೊನವಾಡದ ತಿರುವು ಬಂದಾಗ ಶಬನಮ ವೇಗ ತಗ್ಗಿಸಹೋದಳು.

"ತಗ್ಗಸಬ್ಯಾಡ, ಇನ್ನೂ ಜೋರ ಬಿಡು," ಅಂದಳು ಮುದುಕಿ. ತಿರುವು ದಾಟಿದ ಮೇಲೆ, ಗಾಳಿಗೆ ಸೆರಗು ಹಿಡಿದುಕೊಂಡು, "ನಾಳಿಗಿ ನಿಮ್ಮ ಮನಿಗಿ ಕರಕೊಂಡ ಹೋಗು. ಬಾಗಲದಾಗ ತೂರಿದ ಮಣ್ಣ ನಾನಽ ಬಳದ ತಗೀಬೇಕು," ಅಂದಳು. ಶಬನಮಳಿಗೆ ರಸ್ತೆ ಮಂಜಾಗಿ ಕಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಶಬನಮ ಒಳ್ಳೆಯವಳು ಎನ್ನಬಹುದಿತ್ತು.

ಮಳೆಗಾಲದ ಕೊನೆಗೆ, ಒಂದು ಮಧ್ಯಾಹ್ನ, ಗುರಣ್ಣ ಜೋರಾಪುರ ಪೇಟೆಗೆ ಬಂದ. ಸೊರಗಿದ್ದ. ಕಿತ್ತ ಜಾಗಕ್ಕೆ ಎರಡು ಸಲ ಹೊಸ ಹೊಸ್ತಿಲು ಹಾಕಿಸಿದನಂತೆ, ಎರಡೂ ಮಳೆಗೆ ಉಬ್ಬಿ ಬಾಗಿಲು ಮುಚ್ಚದಂತಾಯಿತಂತೆ. ಕಿತ್ತ ಹೊಸ್ತಿಲಿನ ಜಾಗಕ್ಕೆ ಅದನ್ನು ಕೀಳಿಸಿದವರ ಮನೆಯಿಂದಲೇ ಕಟ್ಟಿಗೆ ಬರಬೇಕು ಎಂದು ತಿಕೋಟಾ, ಬಬಲೇಶ್ವರದ ಬಡಿಗರು ಕೈ ಮುಗಿದು ಹಿಂದೆ ಸರಿದಿದ್ದರು. ಆಶಾಬಿ ನೀರು ಕೊಟ್ಟಳು. ಅವನು ಕುಡಿಯದೆ ಹಿಡಿದುಕೊಂಡೇ ನಿಂತ. ಅವನ ಕಣ್ಣು ಅಂಗಳದ ಶೆಡ್ಡಿನ ಮೇಲಿತ್ತು. ಕೆರೆಯಿಂದ ಬೇಸಿಗೆಯಲ್ಲೇ ಎತ್ತಿಸಿ ಒಣಗಿಸಿದ ಮೂರನೇ ಬೊಡ್ಡೆ ಅಲ್ಲಿ ಒರಗಿತ್ತು.

"ತಂಗಿ, ಮನಿ ಬಾಗಲಾ ತಕ್ಕೊಂಡ ಬಿದ್ದೈತಿ. ಅದರಾಗ ನಾಕ ಅಡಿ ಕೊಡು. ಕಾಲ ಬೀಳ್ತೇನಿ."

ಶಬನಮ ಬೊಡ್ಡೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು.

"ಹಸಿ ಐತ್ರಿ," ಅಂದಳು.

"ಹನ್ನೊಂದ ವರ್ಷ ನೀರಾಗ ಇದ್ದಿದ್ದು ಹಸಿ ಹೆಂಗ ಇರತೈತಿ?"

"ನಮ್ಮ ಅಬ್ಬಾನೂ ಸಾಯೂಮಟಾ ಇದನ್ನ ಕೇಳ್ಕೋಂತ ಕುಂತಿದ್ದ. ಅವಗ ನೀವು ಏನೂ ಹೇಳಲಿಲ್ಲ."

ಗುರಣ್ಣ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ. ಗಲ್ಲಿಯ ತಿರುವಿನವರೆಗೂ ಶಬನಮ ಅವನ ಬೆನ್ನು ನೋಡಿದಳು.

"ಸುಳ್ಳ ಹೇಳಿದಿ," ಅಂದಳು ಆಶಾಬಿ.

"ಹೂಂ, ಹೇಳಿದೆ."

ಅವಳು ಶೆಡ್ಡಿಗೆ ಹೋಗಿ, ಬೊಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನ ಉಗುರನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಊರಿದಳು. ಉಗುರು ಸೀಳಿ ರಕ್ತ ಬಂತು. ಕಟ್ಟಿಗೆಯ ಮೇಲೆ ಒಂದು ಗೆರೆಯೂ ಬೀಳಲಿಲ್ಲ.

"ನೀ ಲಗೂ ತಗದಿದ್ದಿಲ್ಲ, ಅಬ್ಬಾ," ಅಂದಳು.